ಟೋಪಿ ಇಲಿಗಳು ಸುಮ್ಮನಾದ ಬೆಳಿಗ್ಗೆ

ಇಲಿಮನೆಗೆ ಬಂದವರು ಮೊದಲು ಮೂಗು ಮುಚ್ಚಿಕೊಳ್ಳುತ್ತಾರೆ. ನನ್ನ ಮೂಗಿಗೆ ಆ ವಾಸನೆ ಎಂದೋ ರೂಢಿಯಾಗಿ ಹೋಗಿದೆ, ನನಗೆ ಗೊತ್ತಾಗುವುದು ಸದ್ದು. ಬಾಗಿಲು ತೆಗೆದ ಕೂಡಲೇ ಹಾಸು ಕೆದಕುವ ಸರಪರ, ನೀರಿನ ಬಾಟಲಿಯ ಮೂತಿಯಲ್ಲಿರುವ ಉಕ್ಕಿನ ಗುಂಡಿನ ಟಿಕ್ ಟಿಕ್, ಹಲ್ಲಿನಿಂದ ಸರಳು ಕಡಿಯುವ ಕಟಕಟ. ಆ ಸೋಮವಾರ ಬೆಳಿಗ್ಗೆ ಬಾಗಿಲು ತೆಗೆದರೆ ಏನೂ ಕೇಳಿಸಲಿಲ್ಲ. ಎಲ್ಲ ಸತ್ತುಹೋಗಿವೆ ಎಂದೇ ಅಂದುಕೊಂಡೆ.

ಸತ್ತಿರಲಿಲ್ಲ. ಬಲಗಡೆಯ ಸಾಲಿನಲ್ಲಿ ಟೋಪಿ ಜಾತಿಯ ಹೆಣ್ಣಿಲಿಗಳಿದ್ದವು. ಇವುಗಳ ಮೈ ಬಿಳಿ, ತಲೆ ಮತ್ತು ಹೆಗಲು ಮಾತ್ರ ಕಪ್ಪು, ಮುಸುಕು ಹೊದ್ದಂತೆ. ಅವುಗಳಲ್ಲಿ ಒಂದೂ ನೆಲದ ಮೇಲಿರಲಿಲ್ಲ. ಅಷ್ಟೂ ಪಂಜರದ ಮುಚ್ಚಳದ ಸರಳುಗಳಿಗೆ ನಾಲ್ಕೂ ಕಾಲಿನಿಂದ ಜೋತುಬಿದ್ದಿದ್ದವು. ನನ್ನ ಕಡೆ ಒಂದೂ ನೋಡಲಿಲ್ಲ. ಕತ್ತು ತಿರುಚಿ ಕೆಳಗೆ, ತಾವು ದಿನಾ ಮಲಗುವ ಹಾಸನ್ನೇ ನೋಡುತ್ತಿದ್ದವು. ಹಾಸನ್ನು ಕೆದಕಿ ನೋಡಿದೆ. ಒಂದು ಹುಳುವೂ ಇರಲಿಲ್ಲ.

ಚನ್ನಗಿರಿಯ ಹೊರವಲಯದಲ್ಲಿರುವ ಒಂದು ಔಷಧವಿಜ್ಞಾನ ಕಾಲೇಜಿನಲ್ಲಿ ನಾನು ಪಾಠ ಮಾಡುತ್ತೇನೆ. ಆಗ ನನ್ನ ಸಂಶೋಧನೆಯ ಕೊನೆಯ ಭಾಗ ನಡೆದಿತ್ತು. ಪ್ರಶ್ನೆ ಸಣ್ಣದು. ಇಲಿ ಹೆದರಿದಾಗ ಅದರ ಮಿದುಳು ಮೂತ್ರಪಿಂಡದ ತಲೆಯ ಮೇಲೆ ಕೂತಿರುವ ಪುಟ್ಟ ಗ್ರಂಥಿಗೆ ಸುದ್ದಿ ಕಳಿಸುತ್ತದೆ, ಆ ಗ್ರಂಥಿ ರಕ್ತಕ್ಕೆ ಒತ್ತಡದ ಹಾರ್ಮೋನು ಬಿಡುತ್ತದೆ. ಹೆದರಿಕೆ ಕಳೆದ ಮೇಲೆ ಆ ಹಾರ್ಮೋನೇ ಮಿದುಳಿಗೆ ಮರಳಿ, ಇನ್ನು ಸಾಕು ಎನ್ನುತ್ತದೆ. ಹೆಣ್ಣಿಲಿಯಲ್ಲಿ ಅದು ಗಂಡಿಗಿಂತ ಹೆಚ್ಚು ಏರುತ್ತದೆ, ಇಳಿಯಲೂ ಹೊತ್ತು ಹಿಡಿಯುತ್ತದೆ. ವಂಶ ಬೇರೆಯಾದರೆ ಆ ಏರಿಳಿತವೂ ಬೇರೆ. ಈ ‘ಸಾಕು’ ಎಂಬ ಬ್ರೇಕು ಹಿಡಿಯುವುದರಲ್ಲಿ ಗಂಡು ಹೆಣ್ಣಿನ ಪಾಲೆಷ್ಟು, ವಂಶದ ಪಾಲೆಷ್ಟು ಎಂದು ನೋಡಲು ನಾನು ಎರಡು ವಂಶ ಸಾಕಿದ್ದೆ. ಒಂದು ಪೂರಾ ಬಿಳಿ, ಇನ್ನೊಂದು ಈ ಟೋಪಿ. ಟೋಪಿ ಎಂಬ ಹೆಸರಿಟ್ಟವರು ನಮ್ಮ ಇಲಿಮನೆಯ ಪಾಲಕರು.

ಪಾಲಕರು ಜಗಳೂರಿನ ಕಡೆಯ ಕುರಿ ಸಾಕುವ ಮನೆಯವರು. ನಡುವಯಸ್ಸಿನ ಗಿಡ್ಡ ಆಳು, ಮಾತು ಕಡಿಮೆ. ಊಟ ಹಾಕುವುದು, ನೀರು ಬದಲಿಸುವುದು, ಸೋಮವಾರ ಮತ್ತು ಗುರುವಾರ ನಸುಕಿಗೇ ಹೊಸ ಹಾಸು ಹಾಕುವುದು ಅವರ ಕೆಲಸ. ಹಾಸು ಎಂದರೆ ಕಾಳು ಬಿಡಿಸಿದ ಮೆಕ್ಕೆಜೋಳದ ದಿಂಡನ್ನು ಒಡೆದು ಮಾಡಿದ ನುಚ್ಚು. ನ್ಯಾಮತಿ ಕಡೆಯ ಒಬ್ಬ ರೈತರಿಂದ ಚೀಲಗಟ್ಟಲೆ ಬರುತ್ತಿತ್ತು. ಬಂದ ನುಚ್ಚನ್ನು ಹಬೆಯ ಯಂತ್ರದಲ್ಲಿ ಬೇಯಿಸಿ, ಬಿಸಿಲಿಗೆ ಹರವಿ ಒಣಗಿಸದೆ ಒಳಗೆ ಬಿಡುತ್ತಿರಲಿಲ್ಲ. ಪಾಲಕರು ಹಂಗಾಮಿ ನೌಕರರು. ಆ ವರ್ಷವೇ ಅವರನ್ನು ಕಾಯಂ ಮಾಡುವ ಮಾತು ನಡೆದಿತ್ತು. ಕಾಯಂ ಆದರೆ ಹೆಂಡತಿ ಮಕ್ಕಳನ್ನು ಚನ್ನಗಿರಿಗೇ ಕರೆತರುತ್ತೇನೆ ಎಂದು, ಯಾರೂ ಕೇಳದಿದ್ದರೂ, ಆಗಾಗ ಹೇಳುತ್ತಿದ್ದರು.

ಸುಮ್ಮನಾದ ಆ ಬೆಳಿಗ್ಗೆ ನಾನು ರಕ್ತದ ಮಾದರಿ ತೆಗೆಯಬೇಕಿತ್ತು. ಇಲಿಗೆ ಬೆಳಿಗ್ಗೆಯೇ ವಿಶ್ರಾಂತಿಯ ಹೊತ್ತು, ಹಾರ್ಮೋನು ತಳದಲ್ಲಿರುತ್ತದೆ. ಇಲಿಯನ್ನು ಮೆತ್ತನೆ ಬಟ್ಟೆಯಲ್ಲಿ ಸುತ್ತಿ, ಬಾಲವನ್ನು ಬಿಸಿನೀರಿನ ಬಟ್ಟೆಯಿಂದ ಬೆಚ್ಚಗೆ ಮಾಡಿ, ರಕ್ತನಾಳವನ್ನು ಸೂಜಿಮೊನೆಯಿಂದ ಮುಟ್ಟಿದಂತೆ ಮಾಡಿ, ಗಾಜಿನ ಎಳೆಗೊಳವೆಗೆ ರಕ್ತ ಹಿಡಿಯಬೇಕು. ಪಂಜರ ಮುಟ್ಟಿದ ಮೇಲೆ ಮೂರು ನಿಮಿಷದೊಳಗೆ ಮುಗಿಯಬೇಕು. ಆಮೇಲೆ ಸಿಗುವುದು ಅದರ ನೆಮ್ಮದಿಯ ರಕ್ತವಲ್ಲ, ನಮ್ಮ ಕೈ ಕಂಡು ಕೆಟ್ಟ ರಕ್ತ. ಟೋಪಿ ಹೆಣ್ಣುಗಳನ್ನು ಸರಳಿನಿಂದ ಬಿಡಿಸಲು ಉಗುರು ಒಂದೊಂದಾಗಿ ಎತ್ತಬೇಕಾಯಿತು. ಅವು ಕಚ್ಚಲಿಲ್ಲ. ಕಚ್ಚಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ರಕ್ತದ ಹಾರ್ಮೋನನ್ನು ಬಣ್ಣದಿಂದ ಅಳೆಯುವ ನಮ್ಮ ಕಾಲೇಜಿನ ಯಂತ್ರ ಕೆಟ್ಟು ಕೂತಿತ್ತು. ಹೊನ್ನಾಳಿಯ ಒಂದು ರಕ್ತಪರೀಕ್ಷಾ ಕೇಂದ್ರದಲ್ಲಿ ಅಂಥದೇ ಯಂತ್ರವಿದ್ದುದರಿಂದ ಮಾದರಿಗಳನ್ನು ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಬಸ್ಸಿನಲ್ಲಿ ಒಯ್ಯುತ್ತಿದ್ದೆ. ಪಕ್ಕದಲ್ಲಿ ಕೂತ ಹೆಂಗಸು ಡಬ್ಬಿ ನೋಡಿ, "ಮೀನೇನ್ರೀ? ವಾಸ್ನೇನೇ ಇಲ್ವಲ್ಲ!" ಎಂದಳು. ಇಲಿಯ ರಕ್ತ ಎಂದರೆ ಬಸ್ಸೇ ನಿಲ್ಲಿಸಿಯಾಳು ಎಂದು, "ಔಷಧಿ ಕಣಮ್ಮಾ" ಎಂದೆ.

ಈ ಪರೀಕ್ಷೆಯಲ್ಲಿ ಒಂದು ತಲೆಕೆಳಗಿನ ಲೆಕ್ಕವಿದೆ. ಪ್ಲಾಸ್ಟಿಕ್ ತಟ್ಟೆಯ ಗುಳಿಗಳಲ್ಲಿ ಕೊನೆಗೆ ಹಳದಿ ಬಣ್ಣ ಬರುತ್ತದೆ. ಹಾರ್ಮೋನು ಕಡಿಮೆಯಿದ್ದರೆ ಗಾಢ ಹಳದಿ, ಹೆಚ್ಚಾದಷ್ಟೂ ಬಣ್ಣ ತಿಳಿ. ಬಿಳಿ ಗಂಡುಗಳ ಸಾಲು ಅರಿಶಿನದಂತೆ ಬಂತು. ಬಿಳಿ ಹೆಣ್ಣುಗಳದು ಸ್ವಲ್ಪ ತೆಳು. ಟೋಪಿ ಗಂಡುಗಳದು ಇನ್ನೂ ತೆಳು. ಟೋಪಿ ಹೆಣ್ಣುಗಳ ಸಾಲಿಗೆ ಬಂದಾಗ, ದ್ರಾವಣ ಹಾಕುವುದನ್ನೇ ಮರೆತೆನೇನೋ ಎಂದು ತಟ್ಟೆಯನ್ನು ಬೆಳಕಿಗೆ ಎತ್ತಿ ನೋಡಿದೆ. ಮರೆತಿರಲಿಲ್ಲ. ಆ ಸಾಲು ಬಾವಿಯ ನೀರಿನಂತೆ ತಿಳಿಯಾಗಿತ್ತು. ಸುಮ್ಮನೆ ಮಲಗಿರಬೇಕಾದ ಹೊತ್ತಿನಲ್ಲಿ ಆ ಇಲಿಗಳ ರಕ್ತ, ಯಾರೋ ಅಟ್ಟಿಸಿಕೊಂಡು ಬಂದಂತೆ ಓಡುತ್ತಿತ್ತು.

ಹೆಣ್ಣಿಲಿಗಳ ಋತುಚಕ್ರದಿಂದ ಹೀಗಾಗಬಹುದೆಂದು ಅದನ್ನೂ ನೋಡಿದೆ. ದಿನಾ ಹತ್ತಿಯ ಎಳೆಯಿಂದ ಯೋನಿದ್ರವ ತೆಗೆದು, ಗಾಜಿನ ಮೇಲೆ ಸವರಿ, ಸೂಕ್ಷ್ಮದರ್ಶಕದಲ್ಲಿ ಹಂತ ಗುರುತು ಮಾಡಿದೆ. ಚಕ್ರದ ಹಂತಕ್ಕೂ ಇದಕ್ಕೂ ತಾಳೆಯಾಗಲಿಲ್ಲ. ತಾಳೆಯಾದದ್ದು ಬೇರೆಯದಕ್ಕೆ. ಎಲ್ಲ ಸರಿಹೋಗಿ ಸದ್ದು ಮರಳಿದ ಮೇಲೂ ಕೆಲವು ಸೋಮವಾರ ಅಥವಾ ಗುರುವಾರ, ಹೊಸ ಹಾಸು ಬಿದ್ದ ಹಿಂದೆಯೇ ಇಲಿಗಳು ಮತ್ತೆ ಸರಳಿಗೆ ಏರುತ್ತಿದ್ದವು. ಪ್ರತಿ ಸಲವೂ ಅಲ್ಲ. ಕೆಲವು ಸಲ. ಪ್ರತಿ ಸಲ ಆಗಿದ್ದರೆ ಹಾಸು ಬದಲಿಸುವ ಗದ್ದಲವೇ ಕಾರಣ ಎಂದು ಬಿಡಬಹುದಿತ್ತು. ನುಚ್ಚು ಹಬೆಯಲ್ಲಿ ಬೆಂದದ್ದು, ಅದರಲ್ಲಿ ಏನೂ ಉಳಿಯುವಂತಿರಲಿಲ್ಲ. ಈಗ ಉಳಿದ ಒಂದೇ ಅರ್ಥವೆಂದರೆ, ಪಾಲಕರು ಕೆಲವು ದಿನ ಆ ಇಲಿಗಳಿಗೆ ಏನೋ ಮಾಡುತ್ತಿದ್ದಾರೆ.

ನನಗೆ ಅದನ್ನು ನಂಬಲು ಮನಸ್ಸಿರಲಿಲ್ಲ. ಹಾಗೆಂದು ನನ್ನ ತಟ್ಟೆಯನ್ನು ನಂಬದೆ ಇರಲೂ ಆಗಲಿಲ್ಲ. ಗಂಡಸರ ಬೆವರಿನ ವಾಸನೆಗೆ ಇಲಿಗಳು ಹೆದರುವುದುಂಟು ಎಂದು ಓದಿದ್ದೆ. ಆದರೆ ಇದೇ ಮನುಷ್ಯನ ತೋಳಿನ ಮೇಲೆ ಇದೇ ಇಲಿಗಳು ನಿದ್ದೆ ಮಾಡಿದ್ದನ್ನು ತಿಂಗಳುಗಟ್ಟಲೆ ಕಂಡಿದ್ದೆ.

ಪ್ರಾಣಿಶಾಸ್ತ್ರದ ಒಬ್ಬ ಗೆಳತಿ ಅಡಿಕೆ ತೋಟಗಳಲ್ಲಿ ಬಾವಲಿ ಎಣಿಸುತ್ತಾಳೆ. ನಮ್ಮ ಕಿವಿಗೆ ನಿಲುಕದ ಎತ್ತರದ ಸದ್ದನ್ನು ಕೇಳುವಂತೆ ಮಾಡುವ ಒಂದು ಪುಟ್ಟ ಡಬ್ಬಿ ಅವಳ ಬಳಿ ಇತ್ತು. ಇಲಿಗಳ ಮೌನದ ಸುದ್ದಿ ಹೇಳಿದಾಗ ಆ ಡಬ್ಬಿ ಕೊಟ್ಟು, "ಒಂದು ಸಲ ಹಿಡಿದು ನೋಡು" ಎಂದಳು. ಮುಂದಿನ ಗುರುವಾರ ಬೆಳಿಗ್ಗೆ ಬಾಗಿಲು ತೆಗೆದೆ. ತುಂತುರು ನಿಂತು ಬಿಸಿಲು ಬಿದ್ದಿತ್ತು, ಕಿಟಕಿಯ ಅಂಚಿನಲ್ಲಿ ಗುಬ್ಬಿ ಕೂತಿತ್ತು. ಟೋಪಿ ಹೆಣ್ಣುಗಳು ಸರಳಿಗೆ ಜೋತುಬಿದ್ದಿದ್ದವು. ಒಂದು ಸದ್ದಿಲ್ಲ. ಡಬ್ಬಿಯ ಗುಂಡಿ ಒತ್ತಿದೆ.

ಕೋಣೆ ತುಂಬ ಕಿರುಚಾಟ. ಗರಗಸ ಎಳೆದಂತೆ ಉದ್ದುದ್ದ ಚೀರುಗಳು, ಒಂದು ಮುಗಿಯುವ ಮೊದಲು ಇನ್ನೊಂದು, ಎಲ್ಲ ಪಂಜರಗಳಿಂದಲೂ. ಗುಂಡಿ ಇನ್ನೊಮ್ಮೆ ಒತ್ತಿದರೆ ನಿಶ್ಶಬ್ದ, ಮತ್ತೊಮ್ಮೆ ಒತ್ತಿದರೆ ಮತ್ತೆ ಅದೇ. ಇಷ್ಟು ದಿನ ನಾನು ಮೌನ ಎಂದುಕೊಂಡು ಒಳಗೆ ಓಡಾಡಿದ್ದು ಇದರ ನಡುವೆ. ಡಬ್ಬಿ ಕೈ ಜಾರಿ ನೆಲಕ್ಕೆ ಬಿತ್ತು. ಹಿಂದೆ ತಿರುಗಿದರೆ ಬಾಗಿಲಲ್ಲಿ ಪಾಲಕರು ನಿಂತಿದ್ದರು. ಹೊರಗೆ ತುಂತುರು ಬಂದು ಹೋಗಿತ್ತು. ಅವರು ತಲೆಯ ಮೇಲೆ ಖಾಲಿ ಗೋಣಿಚೀಲದ ಕೊಪ್ಪೆ ಹಾಕಿಕೊಂಡಿದ್ದರು, ಚೀಲದ ಒಂದು ಮೂಲೆಯನ್ನು ಇನ್ನೊಂದು ಮೂಲೆಯೊಳಗೆ ತೂರಿಸಿದರೆ ಆಗುವ ಕೊಪ್ಪೆ. ಅವರು ಬಂದದ್ದೇ ತಡ, ನೆಲಕ್ಕೆ ಬಿದ್ದ ಡಬ್ಬಿಯ ಚೀರಾಟ ದುಪ್ಪಟ್ಟಾಯಿತು. ಇಬ್ಬರಿಗೂ ಕೇಳಿಸಿತು.

"ಇದು ಅವುಗಳ ದನೀನಾ ಮೇಡಂ?"

"ಹೌದು."

"ನನ್ನ ನೋಡೇ ಹಿಂಗೆ ಕೂಗ್ತಾವಾ?"

"ನೀವು ಸ್ವಲ್ಪ ಹೊರಗಿರಿ. ಅವು ಊಟ ಮಾಡಲಿ" ಎಂದೆ. ಅವರು ಕೊಪ್ಪೆ ತೆಗೆದು ಕಂಕುಳಲ್ಲಿ ಮಡಚಿಟ್ಟುಕೊಂಡು ಹೊರಗೆ ಹೋದರು.

ಸಂಜೆ ಹೋಗುವ ಮುನ್ನ ನನ್ನ ಕೋಣೆಗೆ ಬಂದರು. ಕೂರಿ ಎಂದರೂ ಕೂರಲಿಲ್ಲ. "ಒಂದ್ ಮಾತು ಹೇಳ್ತೀನಿ, ನಗಬ್ಯಾಡ್ರಿ. ನನ್ ಮೈಗೆ ಏನೋ ಅಂಟ್ಕಂಡೈತೆ. ಹೋದ ವಾರ ಊರಿಗೆ ಹೋಗಿದ್ನಲ್ಲ, ಹಟ್ಟಿ ಬಾಗ್ಲು ತೆಗೆದ್ರೆ ನಮ್ ಕುರಿ ಅಷ್ಟೂ ಆ ಕಡೆ ಗ್ವಾಡೆಗೆ ಹೋಗಿ ಒತ್ತಿ ನಿಂತ್ವು. ನಾನೇ ಬಾಟ್ಲಿ ಹಾಲು ಕುಡ್ಸಿ ಸಾಕಿದ್ ಮರಿ, ಅದೂವೆ ನನ್ ಕಂಡು ಹಿಂದಕ್ಕೆ ಹೋಯ್ತು. ನಮ್ಮವ್ವ ಅದನ್ನ ನೋಡಿ ಬಾಯಿ ಮೇಲೆ ಸೆರಗು ಇಟ್ಕಂಡ್ಳು."

ಅವರ ತೋಳಿನಲ್ಲಿ ಹೊಸ ತಾಯಿತ ಇತ್ತು. ಬೇವಿನ ಸೊಪ್ಪು ಹಾಕಿ ಸ್ನಾನ ಮಾಡಿದ್ದು ಮೈಯಿಂದ ಘಮ್ಮೆನ್ನುತ್ತಿತ್ತು. ನಾನು ದೆವ್ವ ಭೂತ ನಂಬುವವಳಲ್ಲ. ಆದರೆ ಚನ್ನಗಿರಿಯ ಇಲಿಯೂ ಜಗಳೂರಿನ ಕುರಿಯೂ ಮಾತಾಡಿಕೊಂಡು ಒಬ್ಬ ಮನುಷ್ಯನಿಗೆ ಹೆದರುವುದುಂಟೆ?

ಪ್ರಾಂಶುಪಾಲರಿಗೆ ವಿಷಯ ಮುಟ್ಟಿತು. ಅವರು ಕೆಟ್ಟವರಲ್ಲ, ಅವಸರದವರು. "ಏನ್ ಮೇಡಂ, ಬೆಟ್ಟ ಅಗೆದು ಇಲಿ ಹಿಡಿಯೋ ಬದಲು ನೀವು ಇಲಿ ಅಗೆದು ಬೆಟ್ಟ ಹಿಡಿದೀರಲ್ಲ!" ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿದರು. "ನೋಡ್ರಿ, ಪ್ರಾಣಿಗಳ ಮೇಲೆ ನಿಗಾ ಇಡೋ ಸಮಿತಿಯೋರು ಬರ್ತಾರೆ. ಇಲಿಗೆ ಹಿಂಸೆ ಆಗೈತೆ ಅಂತ ನಿಮ್ಮ ಅಂಕಿನೇ ಹೇಳ್ತದೆ. ಆ ಮನುಷ್ಯನ್ನ ತೆಗೀರಿ, ಎಲ್ಲ ಸರಿ ಹೋಗ್ತದೆ. ನೀವೊಂದು ಸಹಿ ಹಾಕಿದ್ರೆ ಸಾಕು."

"ಅವರು ಕಾಯಂ ಆಗೋದು?"

"ಕಾಯಂ ಎಲ್ಲಿಂದ ಬಂತು? ಹಿಂಸೆ ಕೊಟ್ಟ ಅಂತ ಒಂದ್ಸಲ ಆಯ್ತು ಅಂದ್ರೆ ಯಾವ ಇಲಿಮನೆಯೋರೂ ಬಾಗಿಲಿಗೆ ಸೇರಿಸಲ್ಲ."

ಸಹಿ ಹಾಕದಿದ್ದರೆ ಸಮಿತಿ ನನ್ನ ಸಂಶೋಧನೆಯನ್ನೇ ನಿಲ್ಲಿಸಬಹುದಿತ್ತು. ಹಾಕಿದರೆ ಒಬ್ಬರ ಅನ್ನ ಹೋಗುತ್ತಿತ್ತು. ಅತ್ತ ದರಿ, ಇತ್ತ ಪುಲಿ. ಆಲೋಚನೆಗೆ ಸ್ವಲ್ಪ ಸಮಯ ಬೇಕೆಂದು ಹೇಳಿ ಬಂದೆ. ಅಲ್ಲಿಯವರೆಗೆ ರಜೆಯ ಮೇಲಿರುವಂತೆ ಪ್ರಾಂಶುಪಾಲರು ಪಾಲಕರಿಗೆ ಹೇಳಿದರು. ಪಾಲಕರು ಇಲಿಮನೆಯ ಬೀಗದ ಕೈಯನ್ನು ನನ್ನ ಮೇಜಿನ ಮೇಲಿಟ್ಟು ಜಗಳೂರಿನ ಬಸ್ಸು ಹತ್ತಿದರು. ಟೋಪಿಯವಕ್ಕೆ ಶೇಂಗಾ ಕೊಡುವುದನ್ನು ಮರೆಯಬೇಡಿ ಎಂದು ಮಾತ್ರ ಹೇಳಿದರು. ಆ ಮಾತು ಕೇಳಿ ನನಗೆ ಅಳು ಬಂತು.

ಹಾಸಿನ ದಾಸ್ತಾನು ಮುಗಿಯುತ್ತ ಬಂದಿತ್ತು. ಉಳಿದ ಮಾದರಿಗಳನ್ನು ಓದಿಸಲು ಹೊನ್ನಾಳಿಗೆ ಹೋದವಳು, ಪಾಲಕರು ಮಾಡುತ್ತಿದ್ದ ಕೆಲಸ ಈಗ ನನ್ನ ತಲೆಗೇ ಬಿದ್ದಿದ್ದರಿಂದ, ಅಲ್ಲಿಂದ ನ್ಯಾಮತಿ ಬಸ್ಸು ಹಿಡಿದೆ. ರೈತರ ಹೊಲ ಕಾಡಿನ ಅಂಚಿಗೆ ಹತ್ತಿಕೊಂಡಂತಿತ್ತು. ಬೆಳೆ ಕಟಾವಾಗಿ ಹೊಲ ಬೋಳಾಗಿತ್ತು. ಸುತ್ತ ಮಾತ್ರ ಹಳೆ ಸೀರೆಗಳ ಬೇಲಿ ಹಾಗೇ ಇತ್ತು, ಕಾಡುಹಂದಿಗೆಂದು ಇಲ್ಲಿ ಎಲ್ಲರೂ ಕಟ್ಟುವ ಬೇಲಿ. ಬಣ್ಣ ಕಳೆದುಕೊಂಡ ಆ ಸೀರೆಗಳು, ಗಾಳಿಯೇ ಇಲ್ಲದಿದ್ದರೂ ಅಲ್ಲಲ್ಲಿ ಅಲುಗುತ್ತಿದ್ದವು. ಗೂಟಕ್ಕೊಂದರಂತೆ ಗೋಣಿಚೀಲದ ತುಂಡು ನೇತುಬಿದ್ದಿತ್ತು.

ರೈತರು ಮಾತಿನ ಮಲ್ಲ. ಟೀ ಕುಡಿಸಿ, ಹಂದಿ ಪುರಾಣ ಬಿಚ್ಚಿದರು. "ಏನೇನೋ ಮಾಡಿದ್ವಿ ಮೇಡಂ. ಪಟಾಕಿ ಹೊಡೆದ್ವಿ, ಕಟಿಂಗ್ ಶಾಪಿನ ಕೂದ್ಲು ತಂದು ಬೀರಿದ್ವಿ. ಮೊಬೈಲ್ನಾಗೆ ಹುಲಿ ಗರ್ಜ್ನೆ ಹಾಕಿ ಮೈಕ್ ಇಟ್ವಿ. ಆ ಹಂದಿ ನನ್ಮಕ್ಳು ಮೈಕಿನ್ ಬುಡ್ದಾಗೇ ತಿಂದು ಹೋದ್ವು."

"ಈಗ ಬರಲ್ವೇ?"

"ಹೋದ್ ಸಾರಿ ಒಬ್ಬ ಮಾರ್ಕಂಡು ಬಂದಿದ್ದ ನೋಡ್ರಿ. ಹುಲಿ ಲದ್ದಿ! ಎಲ್ಲಿಂದ ತಂದನೋ ಕೇಳ್ಬ್ಯಾಡ್ರಿ. ಚೀಲದಾಗೆ ತುಂಬಿ ಬೇಲಿಗುಂಟ ನೇತ್ಹಾಕ್ದೆ. ಹುಲಿದೋ ಚಿರತೆದೋ ಬೀದಿ ನಾಯಿದೋ ಯಾರಿಗ್ಗೊತ್ತು? ಹಂದಿ ಮಾತ್ರ ಈ ಕಡೆ ಮೂತಿ ಹಾಕ್ಲಿಲ್ಲ."

ನನ್ನ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು. "ಆ ಚೀಲಗಳನ್ನ ಆಮೇಲೆ ಏನು ಮಾಡಿದಿರಿ?"

ಅವರು ನನ್ನನ್ನು ಪೆದ್ದಿಯನ್ನು ನೋಡುವಂತೆ ನೋಡಿದರು. "ಹರಿದದ್ನ ಅಲ್ಲೇ ಬಿಟ್ಟೆ. ಗಟ್ಟಿ ಇದ್ದದ್ನ ಕೊಡವಿ, ತೊಳ್ದು, ಒಣಗ್ಸಿ ಇಟ್ಟಿದ್ದೆ. ಚೀಲನ ಯಾರಾದ್ರೂ ಬಿಸಾಕ್ತಾರೇನ್ರಿ? ನಿಮ್ಗೆ ದಿಂಡಿನ ನುಚ್ಚು ಅದ್ರಾಗೇ ತುಂಬಿ ಕಳ್ಸಿದ್ದು."

ಚೀಲವನ್ನು ಯಾರೂ ಬಿಸಾಡುವುದಿಲ್ಲ. ನಾವೂ ಬಿಸಾಡಿರಲಿಲ್ಲ. ನುಚ್ಚನ್ನು ಹಬೆಯಲ್ಲಿ ಬೇಯಿಸಿ, ಬಿಸಿಲಿಗೆ ಒಣಗಿಸಿ, ಮತ್ತೆ ಅದೇ ಚೀಲಕ್ಕೆ ತುಂಬಿಡುತ್ತಿದ್ದೆವು. ನಮ್ಮ ಸೀಮೆಯಲ್ಲಿ ಅದನ್ನು ಹಾಗೇಕೆ ಮಾಡುತ್ತೀರಿ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಖಾಲಿಯಾದ ಚೀಲದಿಂದ ಪಾಲಕರು ಮಳೆಗೆ ಕೊಪ್ಪೆ ಮಾಡಿಕೊಂಡರು, ಒಂದೆರಡನ್ನು ಶೇಂಗಾ ತುಂಬಲು ಊರಿಗೂ ಒಯ್ದರು. ಎಲ್ಲ ಚೀಲವೂ ಬೇಲಿಗೆ ನೇತುಬಿದ್ದದ್ದಲ್ಲ, ಅದಕ್ಕೇ ಕೆಲವು ದಿನ ಮಾತ್ರ ಹಾಗಾಗುತ್ತಿತ್ತು. ನಾನು ಒಂದು ಚೀಲ ತೆಗೆದುಕೊಂಡು ಮೂಗಿಗೆ ಹಿಡಿದೆ. ಸೆಣಬು, ಧೂಳು, ಸೋಪಿನ ಪುಡಿ. ಬೇರೇನೂ ಇಲ್ಲ.

ಬಸ್ಸಿನಲ್ಲಿ ಆ ಚೀಲ ನನ್ನ ಕಾಲ ಬಳಿ ಇತ್ತು. ಬುದ್ಧಿಗೆ ಎಲ್ಲ ತಿಳಿದಿತ್ತು, ಮೈಗೆ ತಿಳಿದಿರಲಿಲ್ಲ. ನನ್ನ ಟೋಪಿ ಇಲಿಗಳು ಹುಟ್ಟಿದ್ದು ಪ್ಲಾಸ್ಟಿಕ್ ಪಂಜರದಲ್ಲಿ. ಅವುಗಳ ಅಮ್ಮ, ಅಜ್ಜಿ, ಮುತ್ತಜ್ಜಿಯ ಮುತ್ತಜ್ಜಿ ಹುಟ್ಟಿದ್ದೂ ಅಲ್ಲೇ. ಆ ವಂಶ ಹುಲಿಯಿರಲಿ, ಬೆಕ್ಕಿನ ನೆರಳನ್ನೂ ಕಾಣದೆ ಎಷ್ಟೋ ತಲೆಮಾರು ಕಳೆದಿದೆ. ಆದರೂ ಸೋಪಿನಲ್ಲಿ ತೊಳೆದ ಒಂದು ಚೀಲದಲ್ಲಿ ಹುಲಿ ಕೂತಿರುವುದು ಅವಕ್ಕೆ ಗೊತ್ತಾಯಿತು. ಯಾರೂ ಹೇಳಿಕೊಡದ್ದನ್ನು ಅವು ನೆನಪಿಟ್ಟುಕೊಂಡಿದ್ದವು. ಪಕ್ಕದ ಸೀಟಿನ ಕೂಸು ನನ್ನ ಕಾಲ ಬಳಿಯ ಚೀಲ ನೋಡಿ ಅಳಲು ಶುರುಮಾಡಿತು. ಹಸಿವಿಗಿರಬೇಕು. ಆದರೂ ನಾನು ಚೀಲವನ್ನು ಸೀಟಿನ ಕೆಳಗೆ ತಳ್ಳಿದೆ.

ಪ್ರಾಂಶುಪಾಲರು ಪೂರಾ ಕೇಳಿದರು. "ಕತೆ ಚೆನ್ನಾಗೈತೆ. ಸಮಿತಿಯೋರು ಕತೆ ಕೇಳಾಕೆ ಬರಲ್ಲ" ಎಂದರು. ಅವರ ಮಾತು ಸರಿಯಿತ್ತು. ಹಳೆಯ ಇಲಿಗಳಿಗೆ ಪಾಲಕರ ಪರಿಚಯವೂ ಇತ್ತು, ಚೀಲದ ಪರಿಚಯವೂ ಇತ್ತು. ಅವು ಯಾವುದಕ್ಕೆ ಹೆದರಿದವೆಂದು ಈಗ ಬಿಡಿಸಿ ಹೇಳುವುದು ಸಾಧ್ಯವಿರಲಿಲ್ಲ. ಎರಡನ್ನೂ ಕಾಣದ ಇಲಿಗಳು ಬೇಕಿದ್ದವು. ಅಂಥವು ಇದ್ದವು. ನನ್ನ ಸಂಶೋಧನೆಯ ಮುಖ್ಯ ಪ್ರಯೋಗಕ್ಕೆಂದು ಬೇರೆ ಕೋಣೆಯಲ್ಲಿ ಬೆಳೆಸಿದ್ದ, ಆಗತಾನೆ ತಾಯಿಹಾಲು ಬಿಟ್ಟ ಮರಿಗಳು, ಎರಡೂ ವಂಶದವು. ಅವುಗಳ ತಾಯಂದಿರಿಗೆ ಕಾಗದದ ಚೂರಿನ ಹಾಸು ಹಾಕಿದ್ದೆವು. ಮರಿಗಳನ್ನಂತೂ ಯಾರೂ ಕೈಯಲ್ಲಿ ಮುಟ್ಟಿರಲಿಲ್ಲ. ಒಮ್ಮೆ ಹೆದರಿಸಿದರೆ ಮುಗಿಯಿತು, ಮತ್ತೆ ಅವು ನನ್ನ ಪ್ರಯೋಗಕ್ಕೆ ಬರುವುದಿಲ್ಲ. ಎರಡು ವರ್ಷದ ಕೆಲಸ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರಲ್ಲ, ಇಲ್ಲಿ ಕುಂಬಾರಳೂ ನಾನೇ, ದೊಣ್ಣೆ ಹಿಡಿಯಬೇಕಾದವಳೂ ನಾನೇ.

ಬೆಳಿಗ್ಗೆ ಎದ್ದು ಸಮಿತಿಯ ಪಶುವೈದ್ಯರಿಗೆ ಫೋನು ಮಾಡಿದೆ. ಒಪ್ಪಿಗೆ ಕೊಡಿ, ನೀವೇ ಬಂದು ನಿಂತು ನೋಡಿ ಎಂದೆ.

ವೈದ್ಯರು ಖಡಕ್ ಮನುಷ್ಯ. ನ್ಯಾಮತಿಯ ಚೀಲವನ್ನೂ, ಸಂತೇಬೆನ್ನೂರಿನ ಸಂತೆಯಿಂದ ತಂದ ಹೊಸ ಚೀಲವನ್ನೂ ಒಂದೇ ಸೋಪಿನಲ್ಲಿ ತೊಳೆಸಿ, ಒಂದೇ ಅಳತೆಯ ತುಂಡು ಮಾಡಿಸಿ, ಎರಡು ಡಬ್ಬಿಯಲ್ಲಿ ಮುಚ್ಚಿಟ್ಟರು. ಯಾವುದರಲ್ಲಿ ಯಾವುದು ಎಂದು ಅವರಿಗೊಬ್ಬರಿಗೇ ಗೊತ್ತು. ಮೊದಲ ದಿನ ಒಂದು ಡಬ್ಬಿಯದು ಎಲ್ಲ ಪಂಜರಗಳಿಗೂ, ಮರುದಿನ ಇನ್ನೊಂದರದು. ಪಾಲಕರು ಜಗಳೂರಿನಲ್ಲಿದ್ದರು. ಆ ಕೋಣೆಗೆ ಗಂಡಸರು ಯಾರೂ ಕಾಲಿಡಬಾರದೆಂದು ವೈದ್ಯರೂ ಪ್ರಾಂಶುಪಾಲರೂ ಗಾಜಿನ ಆಚೆ ನಿಂತರು. ಒಳಗೆ ನಾನೊಬ್ಬಳೇ, ಬರಿಗೈ, ಬಾವಲಿಯ ಡಬ್ಬಿ ಮೇಜಿನ ಮೇಲೆ.

ಮೊದಲ ದಿನ ತುಂಡು ಇಟ್ಟ ಕೂಡಲೇ ಮರಿಗಳು ಓಡಿಬಂದು ಮೂಸಿದವು, ಎಳೆದಾಡಿದವು. ಒಂದು ಟೋಪಿ ಹೆಣ್ಣುಮರಿ ನನ್ನ ಬೆರಳನ್ನೂ ನೆಕ್ಕಿತು. ಡಬ್ಬಿಯಲ್ಲಿ ಸಣ್ಣ ಚಿಲಿಪಿಲಿ, ಆಟದ ಸದ್ದು. ಅವಕ್ಕೆ ಸಿಕ್ಕ ಮೊದಲ ಮನುಷ್ಯರ ಕೈ ನನ್ನದು.

ಎರಡನೆಯ ದಿನ ಅದೇ ಮರಿ ನನ್ನ ಕೈ ಕಂಡು ಓಡಿಬಂತು. ತುಂಡನ್ನು ಒಳಗಿಟ್ಟೆ. ಅದು ಅರ್ಧ ದಾರಿಯಲ್ಲಿ ನಿಂತಿತು. ಒಂದು ಮುಂಗಾಲು ಎತ್ತಿದ್ದು ಎತ್ತಿದಂತೆಯೇ ಇತ್ತು. ಆಮೇಲೆ ಸರಳಿಗೆ ಹಾರಿತು. ಒಂದಾದ ಮೇಲೊಂದು ಪಂಜರ, ಒಂದಾದ ಮೇಲೊಂದು ಮೌನ, ಮೇಜಿನ ಮೇಲಿನ ಡಬ್ಬಿ ಗರಗಸದ ಹಾಗೆ ಚೀರಲು ಶುರುಮಾಡಿತು. ಗಾಜಿನ ಆಚೆ ಪ್ರಾಂಶುಪಾಲರು ಕಿವಿ ಮುಚ್ಚಿಕೊಂಡದ್ದು ಕಂಡಿತು. ನಾನು ನಿಲ್ಲಿಸುವಂತಿರಲಿಲ್ಲ, ಕೊನೆಯ ಪಂಜರದವರೆಗೂ ಇಡಲೇಬೇಕಿತ್ತು. ಆಮೇಲೆ ಆ ಬೆಳಿಗ್ಗೆಯೂ, ಮರುದಿನವೂ ರಕ್ತ ತೆಗೆದೆ.

ಹೊನ್ನಾಳಿಯ ತಟ್ಟೆ ನನ್ನ ಪ್ರಶ್ನೆಗೂ ಅಷ್ಟಿಷ್ಟು ಉತ್ತರ ಕೊಟ್ಟಿತು. ಹೆದರದ ಇಲಿಯೇ ಇರಲಿಲ್ಲ. ಏನೂ ಆಗದಂತೆ ಮಲಗಿದ್ದ ಬಿಳಿ ಗಂಡಿನ ರಕ್ತವೂ ಏರಿತ್ತು, ಬೇಗ ಇಳಿದಿತ್ತು. ಬಿಳಿ ಹೆಣ್ಣು, ಟೋಪಿ ಗಂಡು ತಡವಾಗಿ ಇಳಿದಿದ್ದವು. ಟೋಪಿ ಹೆಣ್ಣುಗಳದು ಮರುದಿನವೂ ನೀರಿನಂತೆ ತಿಳಿಯಾಗಿತ್ತು. ವ್ಯತ್ಯಾಸವೆಲ್ಲ ಹೆದರಿಕೆ ಎಷ್ಟು ಹೊತ್ತು ಒಳಗೆ ಕೂರುತ್ತದೆ ಎಂಬುದರಲ್ಲಿತ್ತು. ಹೆದರಿಲ್ಲ ಎಂದು ನಾನು ಅಂದುಕೊಂಡಿದ್ದ ಇಲಿಗಳು, ನಾನು ನೋಡುವ ಮೊದಲೇ ಹೆದರಿ ಮುಗಿಸಿದ್ದವು.

ವೈದ್ಯರು ಡಬ್ಬಿಯ ಗುಟ್ಟು ಬಿಚ್ಚಿದರು. ಎರಡನೆಯ ದಿನದ್ದೇ ನ್ಯಾಮತಿಯ ಚೀಲ. ಪ್ರಾಂಶುಪಾಲರು ಸಹಿಯ ಕಾಗದವನ್ನು ನನ್ನ ಎದುರೇ ಹರಿದರು. ತಾವೇ ಜಗಳೂರಿಗೆ ಫೋನು ಮಾಡಿ, "ಬರ್ರಿ ಮಾರಾಯ್ರ, ನಿಮ್ಮ ಇಲಿ ಕಾಯ್ತಾ ಅವೆ" ಎಂದರು. ಪಾಲಕರು ಕಾಯಂ ಆದರು. ಮನೆ ಬಾಡಿಗೆಗೆ ಹಿಡಿದರು. ಊರಿನಲ್ಲಿ ಆ ಚೀಲ ಸುಟ್ಟ ಮೇಲೆ ಕುರಿಗಳು ಮೊದಲಿನಂತೆ ಮೈ ಉಜ್ಜಲು ಬಂದವಂತೆ. "ನಮ್ಮವ್ವ ಮೂರ್ ಸಾರಿ ನಿವಾಳ್ಸಿದ್ಲು. ಹುಲಿದು ಅಂದ್ರೂ ಕೇಳ್ಲಿಲ್ಲ" ಎಂದು ನಕ್ಕರು. ಅವರು ನಕ್ಕದ್ದನ್ನು ಎಷ್ಟೋ ದಿನದ ಮೇಲೆ ನೋಡಿದೆ, ನನಗೆ ಸಂತೋಷವಾಯಿತು. ಹಳೆಯ ಇಲಿಗಳು ಅವರ ಶೇಂಗಾಕ್ಕೆ ನಿಧಾನವಾಗಿ ಮರಳಿದವು. ಮರಿಗಳಂತೂ ಅವರು ಮರಳಿದ ವಾರದಲ್ಲೇ ಅವರ ತೋಳೇರಿದವು. ಅವರನ್ನು ಕಂಡು ಹೆದರಲು ಅವಕ್ಕೆ ಕಾರಣವೇ ಇರಲಿಲ್ಲ.

ನನ್ನನ್ನು ಕಂಡು ಹೆದರಲು ಇತ್ತು.

ಆ ತುಂಡು ಇಟ್ಟದ್ದು ನನ್ನ ಕೈ. ಮೊದಮೊದಲು ಆ ಹೆದರಿಕೆ ತಾನಾಗಿ ಹೋಗುತ್ತದೆ ಎಂದುಕೊಂಡೆ. ಸೋಪು ಬದಲಿಸಿದೆ, ತಲೆಗೆ ಎಣ್ಣೆ ಬಿಟ್ಟೆ, ಬೇರೆ ಚಪ್ಪಲಿ ಹಾಕಿದೆ. ಶೇಂಗಾ ಹಿಡಿದು ಕೂತರೆ ಮರಿಗಳು ಸರಳಿನಿಂದ ನನ್ನ ಕೈಯನ್ನೇ ನೋಡುತ್ತ ಜೋತುಬಿದ್ದಿರುತ್ತಿದ್ದವು. ಒಂದು ವಾರ ಪಾಲಕರು ಹಿಡಿದು, ಇನ್ನೊಂದು ವಾರ ನಾನು ಹಿಡಿದು ರಕ್ತ ತೆಗೆದೆವು. ಅವೇ ಇಲಿಗಳು, ಅದೇ ಹೊತ್ತು, ಹೊಚ್ಚಹೊಸ ಹಾಸು. ಹೊನ್ನಾಳಿಯ ಬೆಳಕಿಗೆ ತಟ್ಟೆ ಎತ್ತಿ ಹಿಡಿದೆ. ಅವರ ಸಾಲು ಹಳದಿ. ನನ್ನ ಸಾಲಿನಲ್ಲಿ ಟೋಪಿ ಹೆಣ್ಣುಗಳ ಗುಳಿಗಳ ಮೂಲಕ ಆಚೆಯ ಗೋಡೆ ಕಾಣುತ್ತಿತ್ತು. ನನ್ನ ನೆರಳು ಬೀಳುವ ಮೊದಲೇ, ಮೆಟ್ಟಿಲ ಮೇಲಿನ ಹೆಜ್ಜೆಗೇ ಅವುಗಳ ರಕ್ತ ಓಡಲು ಶುರುಮಾಡಿರಬೇಕು.

ಮರುದಿನ ಬೆಳಿಗ್ಗೆ ಬಾಗಿಲು ತೆಗೆದವಳು ಒಳಗೆ ಸದ್ದು ನಿಂತದ್ದನ್ನು ಕೇಳಿ ಹೊಸ್ತಿಲಲ್ಲೇ ನಿಂತೆ. ಒಳಗೆ ಪಾಲಕರು ಊಟ ಹಾಕುತ್ತಿದ್ದರು. ಅವರ ಹೆಗಲ ಮೇಲಿದ್ದ ಟೋಪಿ ಹೆಣ್ಣು, ಹಿಂದೊಮ್ಮೆ ನನ್ನ ಬೆರಳು ನೆಕ್ಕಿದ್ದು, ಅವರ ಅಂಗಿಯೊಳಗೆ ನುಗ್ಗಿತು. ಅವರು ಅದರ ಮೇಲೆ ಅಂಗೈ ಮುಚ್ಚಿದರು. ಅವರಿಗೆ ಹೇಳಲು ಬಹಳ ಸಂಕೋಚವಾಗಿತ್ತು, ಮುಖ ನೋಡಿದರೆ ಗೊತ್ತಾಗುತ್ತಿತ್ತು.

"ಮೇಡಂ, ತಪ್ಪು ತಿಳೀಬ್ಯಾಡ್ರಿ. ನೀವು ಒಸಿ ಹೊರಗಿರ್ರಿ. ಅವು ಊಟ ಮಾಡ್ಲಿ."

ಬೀಗದ ಕೈ ಅವರಿಗೆ ಕೊಟ್ಟು ಬಾಗಿಲು ಎಳೆದುಕೊಂಡೆ. ಬಾವಲಿಯ ಡಬ್ಬಿ ಇನ್ನೂ ನನ್ನ ಹೆಗಲಚೀಲದಲ್ಲಿತ್ತು. ಮುಚ್ಚಿದ ಬಾಗಿಲ ಸಂದಿಗೆ ಹಿಡಿದು ಗುಂಡಿ ಒತ್ತಿದೆ. ಕಿರುಚುತ್ತಲೇ ಇದ್ದವು. ಡಬ್ಬಿಯನ್ನು ಹೊಸ್ತಿಲಲ್ಲೇ ಬಿಟ್ಟು, ಎಷ್ಟು ದೂರ ಹೋದರೆ ಅದು ನಿಲ್ಲುತ್ತದೆಂದು ನೋಡಲು, ನಾನು ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿಯತೊಡಗಿದೆ.